ರಾಶಿಯ ಜ್ವರ

ನಾಲ್ಕನೇ ತರಗತಿಯ ಹಿಂಭಾಗದಲ್ಲಿ, ನಲ್ಲಿಕಟ್ಟೆಗೂ ಸಾಮಾನು ಕೋಣೆಗೂ ನಡುವೆ, ಮಕ್ಕಳ ಎದೆಮಟ್ಟದ ಒಂದು ಮರದ ಪೆಟ್ಟಿಗೆ ಇತ್ತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅದಕ್ಕೆ ಜ್ವರ ನೋಡುತ್ತಿದ್ದರು.

ಪೆಟ್ಟಿಗೆಯೊಳಗೆ ಇದ್ದದ್ದು ಶಾಲೆಯ ಕಸ. ಊಟದ ಡಬ್ಬಿಗಳಲ್ಲಿ ಉಳಿದದ್ದು, ಹಣ್ಣಿನ ಸಿಪ್ಪೆ, ಅಂಗಳದ ಒಣ ಎಲೆ, ಪೆನ್ಸಿಲ್ ಹೆರೆದ ಪುಡಿ, ಹೋದ ವರ್ಷದ ನೋಟ್‌ಬುಕ್ಕುಗಳ ಚೂರು. ಥರ್ಮಾಮೀಟರು ಮಾತ್ರ ಮನೆಯಲ್ಲಿರುವಂಥದ್ದಲ್ಲ. ತೋಳಿನಷ್ಟು ಉದ್ದದ ಉಕ್ಕಿನ ಕಡ್ಡಿ, ಅದರ ತುದಿಗೆ ಗಡಿಯಾರದಂಥ ಮುಖ. ಕಡ್ಡಿಯನ್ನು ರಾಶಿಯ ನಟ್ಟನಡುವೆ ಚುಚ್ಚಿ, ನೂರರವರೆಗೆ ಎಣಿಸಿ, ಮುಳ್ಳಿನ ನೇರಕ್ಕೆ ಕಣ್ಣು ತಂದು ಓದಬೇಕು. ಒಬ್ಬರು ಓದಿದ್ದನ್ನು ಇನ್ನೊಬ್ಬರ ಕಿವಿಗೆ ಬೀಳಿಸುವಂತಿಲ್ಲ. ಇಬ್ಬರೂ ಬೇರೆ ಬೇರೆ ಓದಿ ತಾಳೆ ನೋಡಿದ ಮೇಲೆಯೇ ಸಾಮಾನು ಕೋಣೆಯ ಬಾಗಿಲಿಗೆ ಅಂಟಿಸಿದ ದೊಡ್ಡ ಹಾಳೆಯಲ್ಲಿ ಬರೆಯುವುದು. ರಾಶಿಯದು ಇಷ್ಟು, ಹೊರಗಿನ ಗಾಳಿಯದು ಇಷ್ಟು. ವಿಶೇಷವೇನಾದರೂ ಇದ್ದರೆ ಕೊನೆಯ ಅಂಕಣದಲ್ಲಿ ಷರಾ. ಷರಾ ಬರೆದರೆ ಅದರ ಪಕ್ಕ ಇಬ್ಬರ ಸಹಿ ಬೇಕು, ಒಂದು ಟೀಚರದು, ಇನ್ನೊಂದು ಹೆಡ್ ಮೇಡಮ್ಮಿನದು.

"ಕಸಕ್ಕೂ ಥರ್ಮಾಮೀಟರು!" ಎನ್ನುತ್ತಿದ್ದಳು ಶಾಲೆಯ ಆಯಾ, ಪೊರಕೆಗೆ ಗಲ್ಲ ಊರಿಕೊಂಡು. "ನಾನು ಮೂರು ದಿನ ಮಲಗಿದ್ರೆ ಹಣೆ ಮುಟ್ಟಿ ನೋಡೋರು ಗತಿ ಇಲ್ಲ. ಈ ಸಿಪ್ಪೆಗೆ ನೋಡಿ, ದಿನಾ ಇಬ್ಬಿಬ್ಬರು ಡಾಕ್ಟರು."

ಆ ಟೀಚರೂ ಹೆಡ್ ಮೇಡಮ್ಮೂ ಒಡಹುಟ್ಟಿದವರು. ತಂಗಿ ವಿಜ್ಞಾನ ಕಲಿಸುತ್ತಿದ್ದಳು, ಅಕ್ಕ ಶಾಲೆ ನಡೆಸುತ್ತಿದ್ದಳು. ಅವರಪ್ಪ ಗೋಡೆಗೆ ಸುಣ್ಣ ಬಳಿಯುವ ಕೆಲಸದವನು. ಸುಟ್ಟ ಸುಣ್ಣದ ಕಲ್ಲನ್ನು ಡ್ರಮ್ಮಿಗೆ ಹಾಕಿ ಅಪ್ಪ ತಣ್ಣೀರು ಹೊಯ್ದರೆ ಸಾಕು, ಕೆಳಗೆ ಒಂದು ಕಿಡಿ ಬೆಂಕಿ ಇಲ್ಲದೆ ನೀರು ಕೊತಕೊತ ಕುದಿಯುತ್ತಿತ್ತು. ದೂರ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹುಡುಗಿಯರಿಬ್ಬರೂ ಮುಂದೆ ಒಬ್ಬರ ಹಿಂದೆ ಒಬ್ಬರು ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನೇ ಓದಿದರು. ಅಪ್ಪನ ಬೆರಳ ತುದಿಗಳು ಸುಣ್ಣಕ್ಕೆ ಸುಟ್ಟು ಸುಟ್ಟು ಗೆರೆಯೇ ಇಲ್ಲದೆ ನುಣುಪಾಗಿ ಹೋಗಿದ್ದವು. "ನೋಡಿ, ಆದ್ರೆ ಕೈ ಹಾಕ್ಬೇಡಿ," ಎಂಬುದೊಂದೇ ಅವನು ಹೇಳಿಕೊಟ್ಟ ಪಾಠ.

ಬಾಗಿಲ ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಸಾಲು ಇತ್ತು: ಕಂಡದ್ದನ್ನು ಬರೆ, ಇರಬೇಕಾದ್ದನ್ನು ಬರೀಬೇಡ. ಅದು ತಂಗಿಯ ಮಾತು ಎಂದು ಮಕ್ಕಳು ತಿಳಿದಿದ್ದರು. ನಿಜಕ್ಕೂ ಅಕ್ಕನದು. ಅವಳಿಗೆ ಹನ್ನೆರಡು, ಇವಳಿಗೆ ಎಂಟು ಇದ್ದಾಗ ಹಿತ್ತಿಲಲ್ಲಿ ಗಾಜಿನ ಸೀಸೆ ಇಟ್ಟು ಇಬ್ಬರೂ ಮಳೆ ಅಳೆಯುತ್ತಿದ್ದರು. ಒಂದು ಬೆಳಿಗ್ಗೆ ಎದ್ದು ನೋಡಲು ಸೋಮಾರಿತನವಾಗಿ ತಂಗಿ ಅಂದಾಜಿನ ಮೇಲೆ ಎರಡು ಬೆರಳು ಎಂದು ಬರೆದುಬಿಟ್ಟಳು. ಅಕ್ಕ ಬೈಯಲಿಲ್ಲ. ಸೀಸೆಯನ್ನೇ ತಂದು ಹಾಸಿಗೆಯ ಪಕ್ಕ ಇಟ್ಟಳು. ಅದರಲ್ಲಿ ಒಂದು ಹನಿಯೂ ಇರಲಿಲ್ಲ. "ಕಂಡದ್ದನ್ನ ಬರಿ ಪುಟ್ಟಿ," ಎಂದಳು. ಅಷ್ಟೇ. ಅಂದಿನಿಂದ ತಂಗಿ ಯಾವ ಅಳತೆಯನ್ನೂ ನೋಡದೆ ಬರೆದವಳಲ್ಲ.

ಮೊದಲ ತಿಂಗಳು ರಾಶಿ ಚೆನ್ನಾಗಿಯೇ ಕಾದಿತ್ತು. ಐವತ್ತು ಡಿಗ್ರಿ ದಾಟಿದ ದಿನ ಮಕ್ಕಳು ಹಬೆ ನೋಡಿ ಕುಣಿದಾಡಿದ್ದರು. "ರಾಶಿ ಅಂದ್ರೆ ಕಸ ಅಲ್ಲ," ಎಂದು ತಂಗಿ ಹೇಳಿಕೊಟ್ಟಿದ್ದಳು, "ಕಣ್ಣಿಗೆ ಕಾಣದ ಕೋಟಿ ಕೋಟಿ ಜೀವಿಗಳು ಒಟ್ಟಿಗೆ ಊಟಕ್ಕೆ ಕೂತಿರೋ ಮನೆ. ಉಂಡವರ ಮೈ ಬೆಚ್ಚಗಿರುತ್ತೆ." ಆಮೇಲೆ ಒಂದು ವಾರ ಬಿಟ್ಟೂ ಬಿಡದೆ ಮಳೆ ಹೊಡೆಯಿತು. ಪೆಟ್ಟಿಗೆಯ ಮುಚ್ಚಳ ಸೋರಿತು. ಜ್ವರ ಇಳಿಯಿತು. ಮೂವತ್ತು, ಇಪ್ಪತ್ತೇಳು, ಇಪ್ಪತ್ನಾಲ್ಕು. ಗಾಳಿಯದೂ ಇಪ್ಪತ್ನಾಲ್ಕು.

"ಟೀಚರ್, ಸತ್ತೋಯ್ತಾ?" ಎಂದು ಕೇಳಿದಳು ಡಾಕ್ಟರಮ್ಮ. ಥರ್ಮಾಮೀಟರನ್ನು ಯಾರ ಕೈಗೂ ಸುಲಭಕ್ಕೆ ಬಿಡದ ಆ ಹುಡುಗಿಗೆ ಆಯಾ ಇಟ್ಟ ಹೆಸರು ಅದು.

"ಉಸಿರು ಕಟ್ಟಿದೆ. ನೀರು ಜಾಸ್ತಿಯಾಗಿ ಒಳಗೆ ಗಾಳಿ ಆಡ್ತಾ ಇಲ್ಲ."

"ಹಾಗಾದ್ರೆ ಏನ್ ಮಾಡ್ಬೇಕು? ಎಷ್ಟು ದಿನ ಬೇಕು? ಆಗದೇ ಇದ್ರೆ?" ಇದು 'ಪ್ರಶ್ನೆಪತ್ರಿಕೆ' ಎಂದೇ ಹೆಸರಾದ ಹುಡುಗ. ಅವನು ಬಾಯಿ ತೆರೆದರೆ ಒಂದಂಕದ ಪ್ರಶ್ನೆಯಿಂದ ಹತ್ತಂಕದ್ದರವರೆಗೂ ಸಾಲಾಗಿ ಬರುತ್ತಿದ್ದವು.

"ನೀವೇ ಯೋಚನೆ ಮಾಡಿ."

ಅವರು ಯೋಚನೆ ಮಾಡಲು ಎರಡು ವಾರಕ್ಕೂ ಮೇಲೆ ತೆಗೆದುಕೊಂಡರು. ತಂಗಿ ಬಾಯಿ ತುದಿಯವರೆಗೂ ಬಂದ ಉತ್ತರವನ್ನು ದಿನವೂ ನುಂಗಿಕೊಂಡಳು. ಹಾಳೆಯ ತುಂಬ ಇಪ್ಪತ್ನಾಲ್ಕು, ಇಪ್ಪತ್ಮೂರುಗಳು ಸಾಲುಗಟ್ಟಿದವು. ಒಂದು ಬುಧವಾರ ಬೆಳಿಗ್ಗೆ ಜ್ವರ ನೋಡಿ ಬರೆದಾದ ಮೇಲೆ ಇಡೀ ತರಗತಿ ಮೊಣಕೈವರೆಗೆ ತೋಳು ಮಡಚಿ ರಾಶಿಯನ್ನು ತಳಮೇಲು ಮಾಡಿತು. ನಾಲ್ಕು ಚೀಲ ಒಣ ಎಲೆ ಬೆರೆಸಿತು, ಸೋರುವ ಮುಚ್ಚಳಕ್ಕೆ ತಗಡು ಹೊಡೆಸಿತು. ಗುರುವಾರ ಇಪ್ಪತ್ತಾರು. ಶುಕ್ರವಾರ ಮೂವತ್ತೊಂದು. ತಂಗಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹೇಳೋಣವೆಂದು ಅಕ್ಕನ ಕೋಣೆಗೆ ಓಡಿದಳು. ಸೋಮವಾರ 'ಹಸಿರು ಶಾಲೆ' ಆಯ್ಕೆಯ ಸಮಿತಿಯವರು ಬರುವುದಿತ್ತು. ಆ ಫಲಕ ಸಿಕ್ಕರೆ ಶಾಲೆ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ ಎದುರು ರಸ್ತೆಯ ದೊಡ್ಡ ಶಾಲೆಗೆ ಸೇರಿಸಿಬಿಡುತ್ತಾರೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಅಕ್ಕ ಫೋನಿನಲ್ಲಿದ್ದಳು. ತಂಗಿಯನ್ನು ಕಂಡು, ಆಮೇಲೆ ಎಂಬಂತೆ ಅಂಗೈ ಎತ್ತಿದಳು. ಹೋಗಲಿ, ಸೋಮವಾರ ತಾನೇ ನೋಡಿ ಖುಷಿಪಡಲಿ ಎಂದುಕೊಂಡು ತಂಗಿ ಹಿಂದಿರುಗಿದಳು. ಶನಿವಾರ ಭಾನುವಾರ ಶಾಲೆಗೆ ಬೀಗ. ಮನೆಯಲ್ಲಿ ಕೂತು, ಲೆಕ್ಕ ಹಾಕಿ, ಸೋಮವಾರಕ್ಕೆ ನಲವತ್ತೈದು ಆಗಿರಬೇಕು ಎಂದುಕೊಂಡಳು. ಆದರೆ ಎಲ್ಲಿಯೂ ಬರೆಯಲಿಲ್ಲ.

ಸೋಮವಾರ ಒಂಬತ್ತಕ್ಕೆ ಮುಳ್ಳು ಅರವತ್ತೊಂದರಲ್ಲಿ ನಿಂತಿತ್ತು.

ಡಾಕ್ಟರಮ್ಮ ಕಿರುಚಿದಳು. ಪ್ರಶ್ನೆಪತ್ರಿಕೆಗೆ ಜೀವಮಾನದಲ್ಲಿ ಮೊದಲ ಬಾರಿ ಪ್ರಶ್ನೆ ಹೊಳೆಯಲಿಲ್ಲ. "ನಾವು ಮಾಡಿದ್ದು! ನಾವು ಮಾಡಿದ್ದು!" ಎಂದು ತರಗತಿಗೆ ತರಗತಿಯೇ ಪೆಟ್ಟಿಗೆಯ ಸುತ್ತ ಗಿರಕಿ ಹೊಡೆಯಿತು. ತಂಗಿಯೂ ಚಪ್ಪಾಳೆ ತಟ್ಟಿದಳು. ರಾಶಿಯಿಂದ ಮೂಗು ಉರಿಸುವ ಘಾಟು ಬರುತ್ತಿತ್ತು. ಒಳ್ಳೆಯ ರಾಶಿ ಮೊದಲ ಮಳೆಗೆ ನೆನೆದ ಮಣ್ಣಿನಂತೆ ಕಂಪು ಬಿಡಬೇಕು. ಏನೋ ತಪ್ಪಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದು ಹೌದು. ಅಷ್ಟರಲ್ಲಿ ಸಮಿತಿಯವರ ಕಾರು ಗೇಟಿನೊಳಗೆ ಬಂತು.

ಬಂದವರು ಮೂವರು. ಹಾಳೆಯ ಮುಂದೆ ತುಂಬ ಹೊತ್ತು ನಿಂತರು. ಇಳಿದ ಅಂಕಿಗಳನ್ನೂ ಬರೆದಿದ್ದೀರಲ್ಲ ಎಂದು ಅವರಲ್ಲಿ ಹಿರಿಯಾಕೆ ಮೆಚ್ಚಿಕೊಂಡಳು. ಹೇಗೆ ಏರಿಸಿದಿರಿ ಎಂದು ಕೇಳಿದಾಗ ಮೂವತ್ತೆರಡು ಬಾಯಿಗಳು ಒಟ್ಟಿಗೆ ಉತ್ತರ ಕೊಟ್ಟವು. "ಒಳಗಡೆ ಹೇಗಿದೆ ತೋರಿಸ್ತೀಯಾ ಮರಿ?" ಎಂದು ಆಕೆ ಕೇಳಿದ್ದೇ ತಡ, ಡಾಕ್ಟರಮ್ಮ ಬಲಗೈಯನ್ನು ಮೊಣಕೈವರೆಗೆ ರಾಶಿಯೊಳಗೆ ತೂರಿಸಿ ಒಂದು ಹಿಡಿ ಎತ್ತಿ ಹಿಡಿದಳು. ಹಿರಿಯಾಕೆ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡೇ ನಕ್ಕಳು. ಪಕ್ಕದಲ್ಲಿ ಅಕ್ಕನೂ ನಗುತ್ತಿದ್ದಳು. "ಗೊಬ್ಬರ ಅಂದ್ಮೇಲೆ ಸ್ವಲ್ಪ ವಾಸನೆ ಇರತ್ತೆ," ಎಂದಳು.

ಹನ್ನೆರಡು ಗಂಟೆಗೆ, ಸಮಿತಿಯವರು ಹೋದ ಮೇಲೆ, ತಂಗಿ ಒಬ್ಬಳೇ ಬಂದು ಇನ್ನೊಮ್ಮೆ ಕಡ್ಡಿ ಚುಚ್ಚಿದಳು. ದಿನಕ್ಕೆ ಒಂದೇ ಸಲ ನೋಡುವುದು ನಿಯಮ. ಆದರೆ ಅರವತ್ತೊಂದು ಅವಳನ್ನು ಸುಮ್ಮನೆ ಕೂರಲು ಬಿಟ್ಟಿರಲಿಲ್ಲ. ನಲವತ್ತೊಂಬತ್ತು. ಮೂರು ಗಂಟೆಗೆ ನಲವತ್ತು.

ಜೀವಂತ ರಾಶಿ ಹಾಗೆ ಇಳಿಯುವುದಿಲ್ಲ. ಅದು ದಿನಗಟ್ಟಲೆ ಏರುತ್ತದೆ, ದಿನಗಟ್ಟಲೆ ನಿಲ್ಲುತ್ತದೆ, ವಾರಗಟ್ಟಲೆ ಇಳಿಯುತ್ತದೆ. ಮೊದಲು ಸರಸರ, ಆಮೇಲೆ ನಿಧಾನ, ಹೀಗೆ ಆರುವುದು ಒಲೆಯಿಂದ ಇಳಿಸಿಟ್ಟ ಪಾತ್ರೆ. ಹಾಗಾದರೆ ಒಲೆ ಯಾವುದು?

ಅದೇ ಹೊತ್ತಿಗೆ ಆಯಾ ಸಾಮಾನು ಕೋಣೆಯೊಳಗಿಂದ ಗೊಣಗಿದಳು: "ಬಚ್ಚಲ ಗೋಡೆಗೆ ಅಂತ ತರಿಸಿಟ್ಟ ಸುಣ್ಣದ ಕಲ್ಲು ಅರ್ಧ ಚೀಲ ಇತ್ತು. ಈಗ ತಳದಲ್ಲಿ ಪುಡಿ ಉಳಿದಿದೆ. ಈ ಶಾಲೆಯಲ್ಲಿ ಇಲಿ ಸುಣ್ಣಾನೂ ತಿನ್ನುತ್ತಾ?"

ತಂಗಿ ಸಲಿಕೆ ತೆಗೆದುಕೊಂಡು ರಾಶಿಯ ನಡು ಬಗೆದಳು. ಮೊಸರು ಒಡೆದಂತೆ ಬಿಳಿ ಬಿಳಿ ಉಂಡೆಗಳು. ಅವುಗಳ ಸುತ್ತ ಮುದುಡಿ, ಬಣ್ಣ ಕಳೆದುಕೊಂಡ ಎರೆಹುಳುಗಳು. ಘಾಟು ಯಾಕೆಂದು ಆಗ ತಿಳಿಯಿತು. ನೀರು ಬಿದ್ದರೆ ಕಾಯುವ ಕಲ್ಲು ಯಾವುದೆಂದು ಆ ಶಾಲೆಯಲ್ಲಿ ಬಲ್ಲವರು ಇಬ್ಬರೇ. ಆ ಇಬ್ಬರಲ್ಲಿ ಅದನ್ನು ಹಾಕಿದವಳು ತಾನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸಲಿಕೆ ಬಿಸಾಡಿ ಅವಳು ಮೊದಲು ಓಡಿದ್ದು ತರಗತಿಗೆ. ಡಾಕ್ಟರಮ್ಮ ಬಲಗೈಯನ್ನು ತೊಡೆಗಳ ನಡುವೆ ಒತ್ತಿಕೊಂಡು ಕೂತಿದ್ದಳು. ಬೆರಳ ಸಂದುಗಳು ಕೆಂಪಗೆ ಊದಿದ್ದವು. "ಉರೀತಿದೆ ಟೀಚರ್. ಬಹುಮಾನ ಹೋಗ್ಬಿಡತ್ತೆ ಅಂತ ಹೇಳ್ಲಿಲ್ಲ," ಎಂದಳು. ತಂಗಿ ಅವಳನ್ನು ನಲ್ಲಿಯ ಕೆಳಗೆ ನಿಲ್ಲಿಸಿ, ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ನೀರು ಹರಿಸಿದಳು. ಶಾಲೆಯ ಪಕ್ಕದ ದವಾಖಾನೆಯಲ್ಲಿ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ವಾರದಲ್ಲಿ ಮಾಯುತ್ತದೆ, ಗುರುತು ಉಳಿಯಲಿಕ್ಕಿಲ್ಲ ಎಂದರು.

ಅಕ್ಕ ತನ್ನ ಕೋಣೆಯಲ್ಲಿ ಸಮಿತಿಗೆ ಧನ್ಯವಾದದ ಪತ್ರ ಬರೆಯುತ್ತಿದ್ದಳು.

"ಸುಣ್ಣ ಹಾಕಿದ್ಯಾ ಅಕ್ಕ?"

ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. "ಬಾಗಿಲು ಹಾಕು ಪುಟ್ಟಿ."

ಅದೇ ಉತ್ತರವಾಯಿತು. ತಂಗಿ ಬಾಗಿಲು ಹಾಕಲಿಲ್ಲ. ಅಕ್ಕ ತಾನೇ ಎದ್ದು ಹಾಕಿ ಬಂದಳು.

"ಇನ್ನೇನ್ ಮಾಡ್ಲಿ ಹೇಳು. ನಿನ್ನ ರಾಶಿ ತಣ್ಣಗಾಗಿ ಮೂರು ವಾರ ಆಗಿತ್ತು. ಬಂದವರ ಮುಂದೆ ಹೆಣ ತೋರಿಸ್ಲಾ?"

"ಸತ್ತಿರಲಿಲ್ಲ."

"ಇಪ್ಪತ್ಮೂರು ಇತ್ತಮ್ಮಾ. ನಾನೇ ಹಾಳೆ ನೋಡಿದೀನಿ."

"ಯಾವತ್ತು ನೋಡಿದ್ದು?"

"ಬುಧವಾರ."

"ಗುರುವಾರ ಇಪ್ಪತ್ತಾರು. ಶುಕ್ರವಾರ ಮೂವತ್ತೊಂದು." ತಂಗಿಯ ದನಿ ಏರಲಿಲ್ಲ. ಹಾಜರಿ ಕರೆಯುವಂತೆ ಹೇಳಿದಳು. "ಬಾಗಿಲ ಮೇಲೇ ಬರೆದಿತ್ತು. ಸುಣ್ಣ ತಗೊಳ್ಳೋಕೆ ಆ ಬಾಗಿಲನ್ನೇ ತಾನೇ ನೀನು ತೆಗೆದದ್ದು?"

ಅಕ್ಕ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟಳು. "ಇವತ್ತು ಇನ್ನೂ ಬೆಳಗಾಗಿರ್ಲಿಲ್ಲ," ಎಂದಳು. "ಕಾಣಿಸ್ಲಿಲ್ಲ."

"ಮಕ್ಕಳು ಮಾಡಿದ್ದು ಸರಿಯಾಗಿತ್ತು ಅಕ್ಕ. ಏರ್ತಾ ಇತ್ತು. ತಾನಾಗೇ ಎಷ್ಟಾಗ್ತಿತ್ತು ಅನ್ನೋದು ಇನ್ನು ನನಗೂ ಗೊತ್ತಾಗಲ್ಲ, ನಿನಗೂ ಗೊತ್ತಾಗಲ್ಲ."

"ಶಾಲೆ ಉಳಿಯತ್ತಲ್ಲ, ಅದನ್ನ ನೋಡು. ಯಾರಿಗೋಸ್ಕರ ಮಾಡಿದೆ ನಾನು? ನಿನಗೆ, ಆ ಮಕ್ಕಳಿಗೆ. ಬೆಳಿಗ್ಗೆ ಅವರ ಮುಖ ನೋಡಿದ್ಯೋ ಇಲ್ವೋ?"

"ನೋಡಿದೆ. ಆ ಹುಡುಗಿ ಕೈ ಹಾಕಿದಾಗ ನಿನ್ನ ಮುಖಾನೂ ನೋಡಿದೆ. ನಗ್ತಾ ಇದ್ದೆ."

ಅಕ್ಕ ಅರ್ಧ ಬರೆದ ಪತ್ರವನ್ನು ಮಗುಚಿ ಇಟ್ಟಳು. "ಅಷ್ಟು ಹೊತ್ತಿಗೆ ಕಲ್ಲೆಲ್ಲ ನೀರು ಕುಡಿದು ಅರಳಿ ತಣ್ಣಗಾಗಿರತ್ತೆ ಅಂದ್ಕೊಂಡೆ," ಎಂದಳು. ಕಲ್ಲು ಅರಳಿದರೂ ಸುಣ್ಣ ಸುಣ್ಣವೇ, ಒದ್ದೆ ಕೈಯನ್ನು ಸುಡದೆ ಬಿಡುವುದಿಲ್ಲ ಎಂಬುದನ್ನು ಅಪ್ಪನ ಬೆರಳುಗಳನ್ನು ಹಿಡಿದುಕೊಂಡು ನಡೆದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಾಳೆ ಒಂಬತ್ತಕ್ಕೆ ನೀನೇ ಬಂದು ಮಕ್ಕಳಿಗೆ ಹೇಳು. ಸಮಿತಿಗೆ ಏನು ಬರೀತೀಯೋ ನಿನಗೆ ಬಿಟ್ಟದ್ದು. ಮಕ್ಕಳಿಗೆ ಹೇಳ್ಬೇಕು."

"ಹೇಳ್ತೀನಿ."

"ನಿಜವಾಗ್ಲೂ?"

"ಹೇಳ್ತೀನಿ ಅಂದ್ನಲ್ಲ ಪುಟ್ಟಿ."

ಅಕ್ಕ ಹೇಳುತ್ತೇನೆ ಎಂದದ್ದನ್ನು ಹೇಳದೆ ಬಿಟ್ಟದ್ದು ತಂಗಿಗೆ ನೆನಪಿರಲಿಲ್ಲ. ಅದಕ್ಕೇ ನಂಬಿದಳು.

ಮಂಗಳವಾರ ಒಂಬತ್ತಕ್ಕೆ ಮುಳ್ಳು ಇಪ್ಪತ್ತಾರರಲ್ಲಿತ್ತು. ಗಾಳಿಯದು ಇಪ್ಪತ್ನಾಲ್ಕು. ನೂರರವರೆಗೆ ಎರಡು ಬಾರಿ ಎಣಿಸಿ ನೋಡಿದರು. ಬಲಗೈಗೆ ಪಟ್ಟಿ ಕಟ್ಟಿಕೊಂಡ ಡಾಕ್ಟರಮ್ಮ ಎಡಗೈಯಿಂದಲೇ ಕಡ್ಡಿ ಹಿಡಿದಿದ್ದಳು. "ನಿನ್ನೆ ಅರವತ್ತೊಂದು ಇತ್ತಲ್ಲ, ಎಲ್ಲಿಗೆ ಹೋಯ್ತು?" ಎಂದಳು.

ಒಂಬತ್ತೂಕಾಲಾಯಿತು. ಅಕ್ಕ ಬರಲಿಲ್ಲ. ಮಕ್ಕಳು ಕಾಯುವವರಲ್ಲ. ಅಷ್ಟರಲ್ಲಾಗಲೇ ಪ್ರಶ್ನೆಪತ್ರಿಕೆ ಕಡ್ಡಿಯಿಂದ ನಡುವನ್ನು ಕೆದಕಿ ಬಿಳಿ ಉಂಡೆಯೊಂದನ್ನು ಹೊರಗೆ ಉರುಳಿಸಿದ್ದ. "ಮುಟ್ಟಬೇಡ!" ಎಂದು ತಂಗಿ ಚೀರಿದ ದನಿಗೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವಳು ತರಗತಿಯ ಕಪಾಟಿನಿಂದ ಅರಿಶಿನ ಸವರಿದ ಕಾಗದದ ಪಟ್ಟಿ ತಂದಳು. ಸೋಪಿನ ನೀರು, ನಿಂಬೆರಸ, ಬೂದಿನೀರು ಎಂದು ಅವರೇ ಪರೀಕ್ಷೆ ಮಾಡಿ ಆಡಿದ್ದ ಕಾಗದ. ಚಿಮುಟದಲ್ಲಿ ಹಿಡಿದು, ಒದ್ದೆ ಉಂಡೆಗೆ ತಾಗಿಸಿದರೆ, ಹಳದಿ ಕಾಗದ ರಕ್ತದಂತೆ ಕೆಂಪಾಯಿತು.

"ಸುಣ್ಣ!" ಎಂದರು ಮೂರು ನಾಲ್ಕು ಜನ ಒಟ್ಟಿಗೆ.

"ಸುಣ್ಣಕ್ಕೆ ನೀರು ಬಿದ್ರೆ ಬಿಸಿಯಾಗತ್ತೆ," ಎಂದಳು ತಂಗಿ. "ಅರವತ್ತೊಂದು ಅದರ ಬಿಸಿ. ನಿಮ್ಮ ಮೂವತ್ತೊಂದು ಮಾತ್ರ ರಾಶಿಯದು. ಅದು ನಿಜವಾದ ಜ್ವರ. ಅದನ್ನ ತಂದವರು ನೀವೇ."

ಮೂವತ್ತೊಂದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

"ಸುಣ್ಣ ತಾನೇ ನಡ್ಕೊಂಡು ಬಂತಾ ಟೀಚರ್?" ಎಂದ ಪ್ರಶ್ನೆಪತ್ರಿಕೆ.

"ಇಲ್ಲ. ಹಾಕಿದಾರೆ."

"ಯಾರು?"

ತಂಗಿ ಮೊಗಸಾಲೆಯತ್ತ ನೋಡಿದಳು. ಅಕ್ಕ ಬಂದಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಹಾಜರಿ ಪುಸ್ತಕ. ಕಂಬದ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತಂಗಿ ಕಾದಳು.

"ನೀರು ಹಾಕಿದ್ರೆ ಬಿಸಿಯಾಗತ್ತೆ ಅಂತ ನಮಗೆ ಗೊತ್ತಿರ್ಲಿಲ್ಲ," ಎಂದಳು ಡಾಕ್ಟರಮ್ಮ ನಿಧಾನವಾಗಿ, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು. "ಆಯಾಗೂ ಗೊತ್ತಿಲ್ಲ. ನಿಮಗೆ ಮಾತ್ರ ತಾನೇ ಇದೆಲ್ಲ ಗೊತ್ತಿರೋದು ಟೀಚರ್?"

ಮೂವತ್ತೆರಡು ಜೊತೆ ಕಣ್ಣು ತಂಗಿಯ ಮೇಲೆ ಬಿದ್ದವು. ಒಂದು ಕಡೆಯಿಂದ ನೋಡಿದರೆ ಅವಳೇ ಕಲಿಸಿದ ವಿಧಾನ ಅದು. ಮಾಡಿರಲು ಸಾಧ್ಯವಿಲ್ಲದವರನ್ನು ಒಬ್ಬೊಬ್ಬರನ್ನಾಗಿ ಬಿಟ್ಟುಕೊಂಡು ಬಂದರೆ ಉಳಿದವರು ಯಾರು? ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಕೈಗಡಿಯಾರ ನೋಡಿಕೊಂಡಳು.

"ಏನಿದು ಗುಂಪು? ಬೆಲ್ಲಾಗಿ ಎಷ್ಟೊತ್ತಾಯ್ತು, ಕ್ಲಾಸಿಗೆ ನಡೀರಿ."

"ಹೆಡ್ ಮೇಡಂ ಹಾಕಿದ್ದು," ಎಂದಳು ತಂಗಿ.

ಕಣ್ಣುಗಳೆಲ್ಲ ಆ ಕಡೆ ತಿರುಗಿದವು. ಅಕ್ಕ ನಕ್ಕಳು. ನಿನ್ನೆ ಸಮಿತಿಯವರ ಮುಂದೆ ನಕ್ಕ ನಗುವೇ. ಅದರಲ್ಲಿ ಕೋಪ ಇರಲಿಲ್ಲ, ಸಿಟ್ಟಿಗೆದ್ದ ತಂಗಿಯನ್ನು ನಾಲ್ಕು ಜನರ ಮುಂದೆ ಸಮಾಧಾನ ಮಾಡುವ ಅಕ್ಕನ ಸಲಿಗೆ ಇತ್ತು. "ನಾನ್ಯಾಕಪ್ಪಾ ಹಾಕ್ಲಿ?" ಎಂದಳು. "ನಿಮ್ಮ ಟೀಚರಿಗೆ ಪಾಪ, ರಾಶಿ ಸತ್ತ ಬೇಜಾರು." ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಕೋಣೆಯತ್ತ ನಡೆದಳು. ಅವಳ ಚಪ್ಪಲಿಯ ಸದ್ದು ಎಂದಿನ ವೇಗದಲ್ಲಿಯೇ ಹೋಯಿತು.

ತಂಗಿಗೆ ಅಳು ಬರಲಿಲ್ಲ. ಹಾಸಿಗೆಯ ಪಕ್ಕ ಇಟ್ಟಿದ್ದ ಒಣ ಸೀಸೆ ನೆನಪಾಯಿತು. ಅಂದು ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತವಳಿಗೆ, ಇಷ್ಟು ವರ್ಷ ಆ ಮಾತಿಗೆ ಜೋತುಬಿದ್ದು ಬಂದವಳಿಗೆ, ಅದನ್ನು ಹೇಳಿಕೊಟ್ಟವಳೇ ಅದನ್ನು ಎಲ್ಲಿ ಬಿಟ್ಟಳೆಂಬುದೇ ಕಾಣಲಿಲ್ಲ. ಸಾಕ್ಷಿ ಬೇಕೆಂದರೆ ಚೀಲದ ತಳದ ಪುಡಿ ತೋರಿಸಬಹುದು. ಸಾಮಾನು ಕೋಣೆಯ ಬೀಗದ ಕೈ ಯಾರ ಯಾರ ಬಳಿ ಇದೆಯೆಂದು ಎಣಿಸಬಹುದು. ಆದರೆ ಅಕ್ಕ ಎಂಬವಳ ವಿಷಯದಲ್ಲಿ ಇದುವರೆಗೆ ಅವಳು ಯಾವ ಸಾಕ್ಷಿಯನ್ನೂ ಕೂಡಿಟ್ಟವಳಲ್ಲ.

ಹಿಂದೆ ಪಿಸುಪಿಸು ಸದ್ದು ಕೇಳಿಸಿತು. ಮಕ್ಕಳು ಬಾಗಿಲ ಹಾಳೆಯ ಮುಂದೆ ಗುಂಪುಗೂಡಿದ್ದರು. ಡಾಕ್ಟರಮ್ಮ ಹೇಳುತ್ತಿದ್ದಳು, ಪ್ರಶ್ನೆಪತ್ರಿಕೆ ನಾಲಿಗೆ ಹೊರಚಾಚಿಕೊಂಡು ಬರೆಯುತ್ತಿದ್ದ. "ಅದನ್ನ ಬರೀಬೇಡ, ಅದನ್ನ ನಾವು ನೋಡಿಲ್ಲ," ಎಂದು ಯಾರೋ ತಿದ್ದಿದರು. "ಅಲ್ಲ ಅಂದ್ರಾ ಅವರು?" "ಅಲ್ಲ ಅನ್ನಲಿಲ್ಲ. ಯಾಕೆ ಅಂತ ಕೇಳಿದ್ರು." "ಹಾಗೇ ಬರಿ ಮತ್ತೆ."

ಬರೆದು ಮುಗಿಸಿ ಅವರು ಪಕ್ಕಕ್ಕೆ ಸರಿದರು. ತಂಗಿ ಹತ್ತಿರ ಹೋಗಿ ಓದಿದಳು.

ರಾಶಿ ೨೬. ಗಾಳಿ ೨೪. ಷರಾ: ರಾಶಿಯಲ್ಲಿ ಸುಣ್ಣ ಇದೆ. ಅರಿಶಿನದ ಕಾಗದ ಕೆಂಪಾಯಿತು. ಹಾಕಿದ್ದು ಹೆಡ್ ಮೇಡಂ ಎಂದು ಟೀಚರ್ ಹೇಳಿದರು. ನಾನು ಯಾಕೆ ಹಾಕಲಿ ಎಂದು ಹೆಡ್ ಮೇಡಂ ಕೇಳಿದರು. ಹಾಕಿದ್ದನ್ನು ನಾವು ನೋಡಿಲ್ಲ.

ತಪ್ಪು ಹುಡುಕಿದಳು. ಒಂದೂ ಸಿಗಲಿಲ್ಲ. ತನ್ನನ್ನು ನಂಬಿದ್ದಾರೆ ಎಂದೂ ಅದರಲ್ಲಿ ಇರಲಿಲ್ಲ, ನಂಬಿಲ್ಲ ಎಂದೂ ಇರಲಿಲ್ಲ. ದಾರದಲ್ಲಿ ನೇತಾಡುತ್ತಿದ್ದ ಪೆನ್ನು ಹಿಡಿದು ತನ್ನ ಜಾಗದಲ್ಲಿ ಸಹಿ ಮಾಡಿದಳು.

"ಇನ್ನೊಂದು ಸಹಿ ಬೇಕಲ್ಲ," ಎಂದಳು ಡಾಕ್ಟರಮ್ಮ.

"ಬೇಕು."

"ಅವರು ಇಲ್ಲಿಗೆ ಬರ್ತಾರಾ, ನಾವೇ ತಗೊಂಡು ಹೋಗ್ಬೇಕಾ?"

ಹುಡುಗಿ ಒಂದು ಗಳಿಗೆ ಕಾದು, ಎಡಗೈಯ ಉಗುರಿನಿಂದ ಹಾಳೆಯ ಮೂಲೆಯ ಅಂಟು ಎಬ್ಬಿಸತೊಡಗಿದಳು. ಪ್ರಶ್ನೆಪತ್ರಿಕೆ ಇನ್ನೊಂದು ಮೂಲೆ ಎಬ್ಬಿಸಿದ. ಹಾಳೆ ಹರಿಯದಂತೆ ಆಚೆಗೊಬ್ಬರು ಈಚೆಗೊಬ್ಬರು ಹಿಡಿದುಕೊಂಡು, ಗಾಜು ಹೊತ್ತವರ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ಮೊಗಸಾಲೆಯುದ್ದಕ್ಕೂ ಹೆಡ್ ಮೇಡಮ್ಮಿನ ಕೋಣೆಯ ಕಡೆಗೆ ಹೊರಟರು. ದಾರದಿಂದ ಬಿಚ್ಚಿಕೊಂಡ ಪೆನ್ನು ಡಾಕ್ಟರಮ್ಮನ ಬಾಯಲ್ಲಿತ್ತು.

ತಂಗಿ ನಲ್ಲಿ ತಿರುಗಿಸಿ ಥರ್ಮಾಮೀಟರಿನ ಕಡ್ಡಿ ತೊಳೆಯತೊಡಗಿದಳು. ಆ ತುದಿಯಲ್ಲಿ ಬಾಗಿಲು ತಟ್ಟಿದ ಸದ್ದು ಕೇಳಿಸಿತು. ಅವಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತಟ್ಟಿದರು.